ಕಚೇರಿ ಕಟ್ಟಿದ ಪೇಟೆ: ಹೊಸನಗರ ಪಟ್ಟಣ ಪಂಚಾಯಿತಿಯ ಒಂದು ಪ್ರಕರಣ

ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ, ಇಪ್ಪತ್ತು ಸಾವಿರ ಮೀರದ ಜನ. ಚದರ ಕಿಲೋಮೀಟರಿಗೆ 400ಕ್ಕೆ ಕಡಿಮೆಯಾಗದ ಸಾಂದ್ರತೆ. ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯ ಬಿಟ್ಟು ಬೇರೆ ಕಸುಬಿನವರು. ಒಂದು ಊರನ್ನು ಪಟ್ಟಣ ಪಂಚಾಯಿತಿ ಎನ್ನಲು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಇಟ್ಟಿರುವ ಅಳತೆಗೋಲು ಇದು. ಶಿವಮೊಗ್ಗ ಜಿಲ್ಲೆಯ ಹೊಸನಗರ ಮೊದಲ ಅಳತೆಯಲ್ಲೇ ಸೋಲುತ್ತದೆ. 2011ರ ಜನಗಣತಿಯಲ್ಲಿ ಈ ಊರು ಹತ್ತು ಸಾವಿರದ ಹತ್ತಿರಕ್ಕೂ ಬಂದಿರಲಿಲ್ಲ. ಆದರೂ ಇಲ್ಲಿ ಪಟ್ಟಣ ಪಂಚಾಯಿತಿ ಇದೆ, 11 ವಾರ್ಡುಗಳಿವೆ, ಮುಖ್ಯಾಧಿಕಾರಿ ಇದ್ದಾರೆ. ಕಾರಣ ಒಂದೇ: ಇದು ತಾಲ್ಲೂಕು ಕೇಂದ್ರ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳದ್ದೂ ಇದೇ ಕಥೆ. ಮಲೆನಾಡಿನಲ್ಲಿ ಜನ ಸೇರಿ ಪಟ್ಟಣವಾದ ಊರುಗಳಿಗಿಂತ ಕಚೇರಿ ಬಂದು ಪಟ್ಟಣವಾದ ಊರುಗಳೇ ಹೆಚ್ಚೇನೋ.

ಹೊಸನಗರವನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಒಂದು ಪುಟ್ಟ ಪೌರಾಡಳಿತ ಕಾಡಿನ ನಡುವೆ ಎದುರಿಸುವ ಬಿಕ್ಕಟ್ಟುಗಳೆಲ್ಲ ಇಲ್ಲಿ ಒಟ್ಟಿಗೆ ಸಿಗುತ್ತವೆ. ಅವನ್ನು ಬಿಡಿಬಿಡಿಯಾಗಿ ನೋಡಿದರೆ ಹಣದ ಕೊರತೆ, ಸಿಬ್ಬಂದಿ ಕೊರತೆ ಎಂಬ ಮಾಮೂಲಿ ದೂರಾಗಿ ಕಾಣುತ್ತವೆ. ಊರು ಹುಟ್ಟಿದ ಬಗೆಯಿಂದ ಹಿಡಿದು ನೋಡಿದರೆ ಬೇರೆಯೇ ತೋರುತ್ತದೆ.

ಕಲ್ಲೂರುಕಟ್ಟೆಗೆ ಬಂದ ತಾಲ್ಲೂಕು

ಈ ಸೀಮೆಯ ದೊಡ್ಡ ಊರೆಂದರೆ ಬಿದನೂರು, ಅಂದರೆ ಇಂದಿನ ನಗರ. ಕೆಳದಿಯಲ್ಲಿ ಶುರುವಾಗಿ ಇಕ್ಕೇರಿಗೆ ಬಂದ ನಾಯಕರ ರಾಜಧಾನಿ ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಶಿವಪ್ಪನಾಯಕನ ಕಾಲಕ್ಕೆ ಅದು ಕರಾವಳಿಯ ಮೆಣಸು, ಅಕ್ಕಿ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡ ಪಟ್ಟಣ. 1763ರಲ್ಲಿ ಹೈದರಾಲಿ ಗೆದ್ದುಕೊಂಡ. 1830–31ರ ರೈತ ದಂಗೆಗೆ ಈ ಸೀಮೆಯ ಹೆಸರೇ ಅಂಟಿಕೊಂಡಿತು. ಆ ದಂಗೆಯನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಷ್ಟು ಹೊತ್ತಿಗೆ ಕೋಟೆಯ ಪಟ್ಟಣ ಸೊರಗಿತ್ತು. 1893ರಲ್ಲಿ ತಾಲ್ಲೂಕು ಕಚೇರಿಯನ್ನು ಕಲ್ಲೂರುಕಟ್ಟೆಗೆ ಸಾಗಿಸಿ, ಆ ಊರನ್ನು ಹೊಸನಗರ ಎಂದು ಕರೆದರು. ರಾಜಧಾನಿಯಾಗಿದ್ದ ಊರು ಈಗ ಮೂಡುಗೊಪ್ಪ ಗ್ರಾಮ ಪಂಚಾಯಿತಿಯ ಆಡಳಿತದಲ್ಲಿದೆ, ಕಲ್ಲೂರುಕಟ್ಟೆ ಪಟ್ಟಣವಾಗಿದೆ.

ಕಚೇರಿ ಬಂತು, ಅದರ ಬೆನ್ನಿಗೆ ಪೊಲೀಸ್ ಠಾಣೆ, ನ್ಯಾಯಾಲಯ, ಆಸ್ಪತ್ರೆ, ಶಾಲೆ, ಪ್ರವಾಸಿ ಮಂದಿರ ಬಂದವು. ಅವುಗಳ ಎದುರಿಗೆ ಹೋಟೆಲು, ಜೆರಾಕ್ಸ್ ಅಂಗಡಿ, ಪತ್ರ ಬರಹಗಾರರ ಕೋಣೆ, ಗೊಬ್ಬರದಂಗಡಿ. ಇಪ್ಪತ್ತನೆಯ ಶತಮಾನದ ನಡುವೆ ಇನ್ನೊಂದು ಪೆಟ್ಟು ಬಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು 151 ಟಿಎಂಸಿಗೂ ಮಿಕ್ಕ ನೀರು ನಿಂತಾಗ ಸಾಗರದ ಜೊತೆಗೆ ಈ ತಾಲ್ಲೂಕಿನ ಗದ್ದೆ, ತೋಟ, ರಸ್ತೆಗಳೂ ಮುಳುಗಿದವು. ಮುಂದೆ ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಅಣೆಕಟ್ಟುಗಳು ಸಾಲಾಗಿ ಬಂದವು. ಪೇಟೆಗೆ ಬರುತ್ತಿದ್ದ ಊರುಗಳೇ ನೀರಿನಡಿ ಸೇರಿದರೆ ಪೇಟೆ ಬೆಳೆಯುವುದೆಲ್ಲಿಂದ? ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್, ವಾರಾಹಿಯ 460 ಮೆಗಾವಾಟ್ ಎನ್ನುವಾಗ ಈ ತಾಲ್ಲೂಕು ಕೊಟ್ಟ ನೆಲವೂ ಆ ಲೆಕ್ಕದಲ್ಲಿದೆ ಎಂಬುದು ನೆನಪಿರಬೇಕು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೂ ಹೋಯಿತು. ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳ ನಡುವೆ ಹಂಚಿಹೋಯಿತು. ಉಳಿದದ್ದು ತಾಲ್ಲೂಕಾಫೀಸು.

ಹಗಲಿನ ಊರು, ರಾತ್ರಿಯ ಊರು

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಜನಗಣತಿ ಎಣಿಸುವುದು ಊರಿನಲ್ಲಿ ವಾಸವಿರುವವರನ್ನು. ಹೊಸನಗರ ನಡೆಯುವುದು ಹಗಲಿನಲ್ಲಿ.

ಲಕ್ಷಕ್ಕೂ ಮಿಕ್ಕ ಜನರಿರುವ ತಾಲ್ಲೂಕು ತನ್ನ ಪಹಣಿ, ಪೋಡಿ, ನೋಂದಣಿ, ಪಿಂಚಣಿ, ಕೋರ್ಟು ವಾಯಿದೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಇಲ್ಲಿಗೆ ಬರಬೇಕು. ನಿಟ್ಟೂರಿನ ಕಡೆಯವರು, ಯಡೂರಿನವರು, ಹುಂಚದವರು ಬೆಳಗಿನ ಬಸ್ಸಿಗೆ ಬಂದರೆ ಸಂಜೆಯವರೆಗೆ ಇಲ್ಲಿಯೇ. ತಿಂಡಿ ತಿನ್ನುತ್ತಾರೆ, ನೀರು ಕುಡಿಯುತ್ತಾರೆ, ಶೌಚಾಲಯ ಹುಡುಕುತ್ತಾರೆ, ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಟ್ಟೆ ಬಿಸಾಕಿ ಹೋಗುತ್ತಾರೆ. ಅದರಲ್ಲಿ ತಪ್ಪು ಹುಡುಕುವುದೇನೂ ಇಲ್ಲ. ಅವರನ್ನು ಕರೆಸಿದ್ದೇ ಸರ್ಕಾರ. ಆದರೆ ಪಟ್ಟಣ ಪಂಚಾಯಿತಿಯ ಲೆಕ್ಕದ ಪುಸ್ತಕದಲ್ಲಿ ಅವರು ಇಲ್ಲ.

ಪೌರಕಾರ್ಮಿಕರ ಸಂಖ್ಯೆಯನ್ನೇ ನೋಡಿ. ರಾಜ್ಯದ ಮಾನದಂಡ 700 ಜನಕ್ಕೆ ಒಬ್ಬರು. ಏಳು ಸಾವಿರ ನಿವಾಸಿಗಳಿದ್ದರೆ 10 ಜನ. ಬಸ್ ನಿಲ್ದಾಣ, ಸಂತೆ, ಮಾಂಸದಂಗಡಿ, ಚರಂಡಿ, ಮನೆಮನೆ ಕಸ ಎಲ್ಲವೂ ಆ ಹತ್ತು ಜೊತೆ ಕೈಗಳ ಮೇಲೆ. ಕುಡಿಯುವ ನೀರಿನದ್ದೂ ಹಾಗೆಯೇ. ಒಳಚರಂಡಿ ಇಲ್ಲದ ಪಟ್ಟಣಗಳಿಗೆ ತಲಾ ದಿನಕ್ಕೆ 70 ಲೀಟರ್, ಇರುವ ಪಟ್ಟಣಗಳಿಗೆ 135 ಲೀಟರ್ ಎಂಬುದು ಕೇಂದ್ರದ ಕೈಪಿಡಿಯ ಲೆಕ್ಕ. ಎರಡೂ ತಲೆ ಎಣಿಕೆ ನಿವಾಸಿಯದ್ದು.

ಆದಾಯದ ಕಡೆ ಬಂದರೆ ಇನ್ನೂ ವಿಚಿತ್ರ. ಊರಿನ ದೊಡ್ಡ ‘ಉದ್ಯಮ’ ಸರ್ಕಾರ. ದೊಡ್ಡ ಕಟ್ಟಡಗಳು ಅದರವು, ಹೆಚ್ಚು ಜನ ಬರುವ ಜಾಗಗಳೂ ಅದರವು. ಸಾರ್ವಜನಿಕ ಉಪಯೋಗದ ಸರ್ಕಾರಿ ಕಟ್ಟಡಗಳಿಗೆ ಆಸ್ತಿ ತೆರಿಗೆ ಇಲ್ಲ. ಪೂಜಾ ಸ್ಥಳಗಳಿಗೂ ವಿನಾಯಿತಿ. ಹೀಗಾಗಿ ಪಟ್ಟಣವನ್ನು ಪಟ್ಟಣ ಮಾಡಿದ ಕಟ್ಟಡಗಳೇ ಪಟ್ಟಣಕ್ಕೆ ತೆರಿಗೆ ಕಟ್ಟುವುದಿಲ್ಲ. ಉಳಿದದ್ದು ಮನೆಗಳು ಮತ್ತು ಒಂದೆರಡು ಬೀದಿಯ ಅಂಗಡಿಗಳು. ಮಲೆನಾಡಿನ ಮನೆಗಳಲ್ಲಿ ಬಹುಪಾಲು ಹೆಂಚಿನವು, ಹಿತ್ತಲು ದೊಡ್ಡದು, ಕಟ್ಟಡದ ಬೆಲೆ ಕಡಿಮೆ. 2002ರ ಸುಮಾರಿಗೆ ಬಂದ ಸ್ವಯಂ ಘೋಷಿತ ತೆರಿಗೆ ಪದ್ಧತಿ ಬೆಂಗಳೂರಿನ ಅಂಚಿನ ಪುರಸಭೆಗೆ ಹಣದ ಹೊಳೆ ಹರಿಸಿದ್ದೀತು. ಇಲ್ಲಿ ಅದು ಹನಿ ನೀರಾವರಿ.

ಆದ್ದರಿಂದ ಬದುಕು ಅನುದಾನದ ಮೇಲೆ. ವೇತನಕ್ಕೆ ರಾಜ್ಯ ಹಣಕಾಸು ಆಯೋಗದ ಅನುದಾನ (ಎಸ್‌ಎಫ್‌ಸಿ), ಬೀದಿದೀಪ ಮತ್ತು ಪಂಪಿನ ವಿದ್ಯುತ್ ಬಿಲ್ಲಿಗೆ ಎಸ್‌ಎಫ್‌ಸಿ, ಒಂದಿಷ್ಟು ಮುಕ್ತನಿಧಿ. ಮೇಲೆ ಕೇಂದ್ರ ಹಣಕಾಸು ಆಯೋಗದ್ದು. ಹದಿನೈದನೆಯ ಆಯೋಗ ಸಣ್ಣ ಪಟ್ಟಣಗಳಿಗೆ ಕೊಟ್ಟ ಹಣದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿಗೇ ಖರ್ಚು ಮಾಡಬೇಕೆಂದು ಕಟ್ಟಿಹಾಕಿತ್ತು. ಉದ್ದೇಶ ಒಳ್ಳೆಯದೇ. ಮಳೆಗಾಲ ಮುಗಿದ ಮೇಲೆ ಕಿತ್ತುಹೋದ ರಸ್ತೆ ಮತ್ತು ಕುಸಿದ ಧರೆ ಮಾತ್ರ ಆ ಶೇ. 60ರೊಳಗೆ ಬರುವುದಿಲ್ಲ. ಇದೇ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಆಗುಂಬೆಯನ್ನೂ ಮೀರಿಸುವ ಮಳೆ ಕಾಣುತ್ತದೆ. ಪಟ್ಟಣದಲ್ಲಿ ಅಷ್ಟಿಲ್ಲದಿದ್ದರೂ ರಸ್ತೆಯ ಡಾಂಬರಿಗೆ ಬೇಕಾದಷ್ಟಿದೆ.

ಗಡಿಕಲ್ಲಿನ ಆಚೆ ಈಚೆ

ಪಟ್ಟಣ ಪಂಚಾಯಿತಿಯ ಗಡಿಯೊಳಗೆ ಗದ್ದೆ ಇದೆ, ಅಡಿಕೆ ತೋಟ ಇದೆ, ಕೊಟ್ಟಿಗೆ ಇದೆ. ಗಡಿಯಾಚೆಯ ತೋಟಕ್ಕೂ ಈಚೆಯ ತೋಟಕ್ಕೂ ಮರದಲ್ಲಿ ವ್ಯತ್ಯಾಸವಿಲ್ಲ, ಕಾಗದದಲ್ಲಿದೆ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದದ್ದು ಗ್ರಾಮೀಣ ಕುಟುಂಬಗಳಿಗಾಗಿ. ಆಚೆಯವರು ಅದರಡಿ ಬಾವಿ ತೋಡಿಸಿಕೊಂಡರು, ಅಡಿಕೆ ಸಸಿ ಹಾಕಿಸಿಕೊಂಡರು, ದನದ ಕೊಟ್ಟಿಗೆ ಕಟ್ಟಿಕೊಂಡರು. ಈಚೆಯ ಸಣ್ಣ ರೈತ ‘ಪಟ್ಟಣವಾಸಿ’. 2019ರಲ್ಲಿ ಬಂದ ಜಲ ಜೀವನ್ ಮಿಷನ್ನಿನ ನಲ್ಲಿಯೂ ಹಳ್ಳಿಗಳಿಗೆ. ಪಟ್ಟಣ ಕೇಂದ್ರದ ನಗರ ನೀರಿನ ಯೋಜನೆಯಾದ ಅಮೃತ್ 2.0ರ ಸಾಲಿನಲ್ಲಿ ದೊಡ್ಡ ಊರುಗಳ ಜೊತೆ ನಿಲ್ಲಬೇಕು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮಕ್ಕೂ ಹಳ್ಳಿಯಲ್ಲಾದರೆ ಭೂಕಂದಾಯ ಕಾಯ್ದೆಯ 94ಸಿ, ಪಟ್ಟಣದಲ್ಲಾದರೆ 94ಸಿಸಿ. ಅಳತೆ ಬೇರೆ, ಶುಲ್ಕ ಬೇರೆ.

‘ಪಟ್ಟಣ ಆಗಿ ನಮಗೆ ಸಿಕ್ಕಿದ್ದೇನು?’ ಎಂದು ಜನ ಕೇಳಿದರೆ ಅದು ಬರೀ ಗೊಣಗಾಟವಲ್ಲ, ಲೆಕ್ಕ ಹಾಕಿಯೇ ಕೇಳಿದ ಪ್ರಶ್ನೆ.

ಹಾಗಾದರೆ ಸುತ್ತಲ ಹಳ್ಳಿಗಳನ್ನು ಸೇರಿಸಿಕೊಂಡು ದೊಡ್ಡದಾದರೆ ಆಗದೇ? ಪಟ್ಟಣ ಬೆಳೆದು ಮುಂದೆ ಪುರಸಭೆಯಾದರೆ ಇನ್ನೊಂದು ಬಾಗಿಲು ಮುಚ್ಚುತ್ತದೆ. ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆ ಪುರಸಭೆಯ ಎಲ್ಲೆಯಿಂದ 3 ಕಿಲೋಮೀಟರ್, ನಗರಸಭೆಯದಾದರೆ 5 ಕಿಲೋಮೀಟರ್ ಒಳಗಿನ ಭೂಮಿ ಸಲ್ಲುವುದಿಲ್ಲ. ನಮೂನೆ 50, 53, 57 ಎಂದು ಮೂರು ಸುತ್ತು ಅರ್ಜಿ ಹಾಕಿ ಕಾದ ಮಲೆನಾಡಿನ ಕುಟುಂಬಕ್ಕೆ ಪೌರಾಡಳಿತದ ಬಡ್ತಿ ಎಂದರೆ ಅರ್ಜಿ ವಜಾ. ಸೇರ್ಪಡೆಯ ಮಾತು ಬಂದಾಗ ಹಳ್ಳಿಗರು ಹಿಂಜರಿಯುವುದನ್ನು ಅಭಿವೃದ್ಧಿ ವಿರೋಧ ಎಂದು ಬರೆದುಬಿಡುವುದು ಸುಲಭ, ನ್ಯಾಯವಲ್ಲ.

ಕಸಕ್ಕೊಂದು ಜಾಗ

ಇಂಥ ಪಟ್ಟಣದ ನಿಜವಾದ ಪರೀಕ್ಷೆ ಕಸ. ನೀರು ತರಬಹುದು, ದೀಪ ಹಾಕಬಹುದು. ಕಸ ಹಾಕಲು ನೆಲವೇ ಬೇಕು. ಪಟ್ಟಣದ ಸುತ್ತ ನೆಲ ಇರುವುದು ತೋಟದವರ ಕೈಯಲ್ಲಿ, ಇಲ್ಲವೇ ಅರಣ್ಯ ಇಲಾಖೆಯ ಕೈಯಲ್ಲಿ. ಮಧ್ಯದ ನೆಲಕ್ಕೆ ಮಲೆನಾಡಿನ ಕಂದಾಯ ದಾಖಲೆಯಲ್ಲಿ ಹತ್ತು ಹೆಸರು: ಸೊಪ್ಪಿನಬೆಟ್ಟ, ಕಾನು, ಗೋಮಾಳ, ಕಿರು ಅರಣ್ಯ, ಮೀಸಲು ಅರಣ್ಯ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾಖಲೆಯಲ್ಲಿ ಏನೇ ಬರೆದಿರಲಿ, ಕಾಡಿನ ಲಕ್ಷಣವಿದ್ದರೆ ಅದು ಕಾಡೇ ಎಂದಿತು. ಆಮೇಲೆ ಬಂದ ‘ಡೀಮ್ಡ್ ಅರಣ್ಯ’ದ ಪಟ್ಟಿ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರಿಗೆ ಹೋಗಿ, 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಯಿತು. ಒಂದು ಊರಿಗೆ ಎರಡು ಮೂರು ಎಕರೆ ಹುಡುಕುವಾಗ ಸರ್ವೆ ನಂಬರು ಆ ಪಟ್ಟಿಯ ಒಳಗಿದೆಯೋ ಹೊರಗಿದೆಯೋ ಎಂಬುದರಲ್ಲೇ ವರ್ಷಗಳು ಕಳೆಯುತ್ತವೆ. ಒಳಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು.

ಒಂದು ಅಡ್ಡದಾರಿ ಇದೆಯಲ್ಲ ಎನ್ನಿಸಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಡಿ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡನ್ನು, ಹೆಕ್ಟೇರಿಗೆ 75 ಮರ ಮೀರಿ ಕಡಿಯದೆ, ಸಾರ್ವಜನಿಕ ಸೌಲಭ್ಯಕ್ಕೆ ಬಿಡಬಹುದು. ಪಟ್ಟಿಯಲ್ಲಿ 13 ಬಾಬ್ತುಗಳಿವೆ: ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರು, ರಸ್ತೆ, ಸಮುದಾಯ ಭವನ ಹೀಗೆ. ಕಸದ ಘಟಕ ಅದರಲ್ಲಿಲ್ಲ. ಮೇಲಾಗಿ ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ಹಳ್ಳಿ. ಕಾಡಿನ ನಡುವೆ ಪಟ್ಟಣ ಇರಬಹುದೆಂಬ ಯೋಚನೆ ಇದ್ದಂತಿಲ್ಲ.

ಪಟ್ಟಣಗಳಿಗಾಗಿ ಬರೆದ ನಿಯಮ ನೋಡೋಣವೆಂದರೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಗುಡ್ಡಗಾಡಿಗೆ ಪ್ರತ್ಯೇಕ ಮಾತಿತ್ತು. ಗುಡ್ಡದ ಮೇಲೆ ಭೂಭರ್ತಿ, ಅಂದರೆ ಕಸವನ್ನು ನೆಲದಲ್ಲಿ ತುಂಬಿ ಮುಚ್ಚುವುದು, ಬೇಡ. ಮುಚ್ಚಿದ ಜಾಗದಲ್ಲಿ ಕಸ ವರ್ಗಾಯಿಸುವ ಕೇಂದ್ರ ಮಾಡಿ. ಕೆಳಗಿನ ಬಯಲಿನಲ್ಲಿ 25 ಕಿಲೋಮೀಟರ್ ಒಳಗೆ ಭೂಭರ್ತಿಗೆ ಜಾಗ ಗುರುತಿಸಿ. ಸಿಮ್ಲಾದಂಥ ಊರನ್ನು ಮನಸ್ಸಿನಲ್ಲಿಟ್ಟು ಬರೆದಂತಿದೆ. ಹೊಸನಗರದಿಂದ ಕೆಳಗಿನ ಬಯಲು ಎಲ್ಲಿದೆ? ಪಶ್ಚಿಮಕ್ಕೆ ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯಬೇಕು. ಅಷ್ಟರಲ್ಲಿ 25 ಕಿಲೋಮೀಟರ್ ಎಂದೋ ಮುಗಿದಿರುತ್ತದೆ, ಮತ್ತು ಇಳಿದ ಮೇಲೆ ಅದು ಉಡುಪಿ ಜಿಲ್ಲೆ. ಪೂರ್ವಕ್ಕೆ ಶಿವಮೊಗ್ಗದ ಕಡೆ ಹೋದರೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ಮಲೆನಾಡು ಶಿಖರವಲ್ಲ, ಮೇಲೂ ಕೆಳಗೂ ಗುಡ್ಡವೇ ಇರುವ ಹಾಸು.

ಕಸದ ಸ್ವರೂಪವೂ ಬೇರೆ. ಹಿತ್ತಲು, ಗೊಬ್ಬರಗುಂಡಿ, ದನ ಇರುವ ಮನೆಯಿಂದ ಹಸಿಕಸ ಹೊರಗೇ ಬರುವುದಿಲ್ಲ. ಅನ್ನ ಬಸಿದ ಗಂಜಿ ಕಲಗಚ್ಚಿಗೆ, ತರಕಾರಿ ಸಿಪ್ಪೆ ಗುಂಡಿಗೆ. ಟಿಪ್ಪರಿಗೆ ಬೀಳುವುದು ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಡೈಪರ್, ಬಾಟಲಿ. ಹಸಿಕಸ ಬರುವುದು ಹೋಟೆಲು, ಹಾಸ್ಟೆಲು, ಸಂತೆ, ಕೋಳಿಯಂಗಡಿಗಳಿಂದ, ಅಂದರೆ ಹಗಲಿನ ಊರಿನಿಂದ. ಅದನ್ನು ಬಯಲಿನಲ್ಲಿ ಉದ್ದಕ್ಕೆ ರಾಶಿ ಹಾಕಿ ಗೊಬ್ಬರ ಮಾಡುವ ವಿಧಾನ ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ನಡೆಯದು. ರಾಶಿ ನೆನೆದು, ಗಾಳಿಯಾಡದೆ ಕೊಳೆತು, ಕಪ್ಪು ರಸ ತೋಡಿಗೆ ಹರಿಯುತ್ತದೆ. ತೋಡು ಸೇರುವುದು ಶರಾವತಿಗೆ. ಮೇಲ್ಛಾವಣಿ, ಸಿಮೆಂಟಿನ ನೆಲ, ರಸ ಹಿಡಿಯುವ ತೊಟ್ಟಿ ಇಲ್ಲದೆ ಮಲೆನಾಡಿನಲ್ಲಿ ಗೊಬ್ಬರದ ಮಾತೇ ಬೇಡ. ಅಷ್ಟು ಕಟ್ಟಿದರೆ ಟನ್ನಿನ ಲೆಕ್ಕದಲ್ಲಿ ಖರ್ಚು ದೊಡ್ಡ ಊರಿಗಿಂತ ಹೆಚ್ಚಾಗುತ್ತದೆ. ಸಣ್ಣ ಪಟ್ಟಣಗಳಿಗೆ ತಲಾ ದಿನಕ್ಕೆ 200ರಿಂದ 300 ಗ್ರಾಂ ಕಸವೆಂದು ಹಿಡಿದರೆ ಏಳು ಸಾವಿರ ಜನಕ್ಕೆ ಸುಮಾರು ಒಂದೂವರೆಯಿಂದ ಎರಡು ಟನ್ನು. ಅಷ್ಟಕ್ಕಾಗಿ ಯಂತ್ರ, ಶೆಡ್ಡು, ಕಾವಲು, ವಿದ್ಯುತ್ ಎಲ್ಲ ಬೇಕು.

ಯಾವ ಸೂತ್ರದಲ್ಲೂ ಇಲ್ಲದ ಇನ್ನೊಂದು ಬಾಬ್ತು ಅಡಿಕೆ ಸಿಪ್ಪೆ. ಕೊಯ್ಲು ಶುರುವಾದ ಮೇಲೆ ಸುಲಿಯುವ ಯಂತ್ರಗಳ ಬಳಿ ಬೆಟ್ಟದಂತೆ ಬೀಳುವ ಸಿಪ್ಪೆಯನ್ನು ರಾತ್ರೋರಾತ್ರಿ ರಸ್ತೆ ಬದಿಗೆ ಸುರಿದು ಹೋಗುವುದು ಮಲೆನಾಡಿನ ಪೇಟೆಗಳ ಮಾಮೂಲಿ ನೋಟ. ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆ, ಬಿಟ್ಟರೆ ಮೊದಲ ಮಳೆಗೆ ನಾತ. ಅದು ಕೃಷಿ ತ್ಯಾಜ್ಯವೋ ಪಟ್ಟಣದ ಕಸವೋ? ಗಡಿಯೊಳಗೆ ಬಿದ್ದಿದ್ದರೆ ಎತ್ತಬೇಕಾದವರು ಆ ಹತ್ತು ಜನವೇ. ನನ್ನ ಮಟ್ಟಿಗೆ ಇದಕ್ಕೆ ಪಟ್ಟಣ ಪಂಚಾಯಿತಿ ದಂಡ ಹಾಕುವುದಕ್ಕಿಂತ ಅಡಿಕೆ ಖರೀದಿಸುವ ಸಹಕಾರ ಸಂಘಗಳನ್ನು ಮಾತಿಗೆ ಕೂರಿಸುವುದು ಮೇಲು. ಸಿಪ್ಪೆ ಮರಳಿ ತೋಟದ ಬುಡಕ್ಕೆ ಹೋಗಬೇಕಾದ ಸರಕು. ಅದರ ಹಾದಿ ಪಂಚಾಯಿತಿಯ ಕೈಯಲ್ಲಿಲ್ಲ, ಬೆಳೆಗಾರರ ಕೈಯಲ್ಲಿದೆ.

ಆಳುವವರು

ಇದನ್ನು ಚುಟುಕಾಗಿ ಹೇಳಬಹುದು. ಒಂದು ವಾರ್ಡಿಗೆ ಕೆಲವೇ ನೂರು ಮತ. ಗೆಲುವು ಸೋಲು ಬೆರಳೆಣಿಕೆಯ ಮತಗಳಲ್ಲಿ. ಸದಸ್ಯರಿಗೆ ಪ್ರತಿ ಮನೆಯ ನಲ್ಲಿಯೂ ಗೊತ್ತು, ಪ್ರತಿ ಮನೆಯ ಮುನಿಸೂ ಗೊತ್ತು. ಇದು ಸಣ್ಣ ಊರಿನ ಬಲ. ತೆರಿಗೆ ಏರಿಸುವ ಹೊತ್ತಿಗೆ ಅದೇ ಬಲಹೀನತೆ. ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿಯ ತಕರಾರಿನಲ್ಲಿ ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಎರಡನೇ ಅವಧಿಯ ಅಧ್ಯಕ್ಷ ಸ್ಥಾನ ಖಾಲಿಯಿದ್ದು, ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಇಂಥ ಖಾಲಿ ಅವಧಿಯಲ್ಲಿ ಪಟ್ಟಣ ಪಂಚಾಯಿತಿಗಳಿಗೆ ಸಾಮಾನ್ಯವಾಗಿ ತಹಶೀಲ್ದಾರರೇ ಆಡಳಿತಾಧಿಕಾರಿ. ಕಚೇರಿ ಕಟ್ಟಿದ ಪೇಟೆಯನ್ನು ಕಚೇರಿಯೇ ಆಳುವುದು ಎಂದರೆ ಇದೇ.

ರಿಪ್ಪನ್‌ಪೇಟೆಯ ಜೊತೆ

ಈ ತಾಲ್ಲೂಕಿನಲ್ಲಿ ವ್ಯಾಪಾರದಿಂದ ಬೆಳೆದ ಊರು ಹುಡುಕಿದರೆ ಸಿಗುವುದು ರಿಪ್ಪನ್‌ಪೇಟೆ. ವೈಸ್‌ರಾಯ್ ರಿಪ್ಪನ್ನನ ಹೆಸರಿನ ಈ ಪೇಟೆ ನಾಲ್ಕು ದಿಕ್ಕಿನ ರಸ್ತೆ ಕೂಡುವ ಜಾಗ. ಅಡಿಕೆ, ಭತ್ತ, ಬಟ್ಟೆ, ಕಬ್ಬಿಣ ಎಲ್ಲ ವ್ಯಾಪಾರವೂ ಇದೆ. ಅದು ಬೆಳೆದದ್ದೆಲ್ಲ ಗ್ರಾಮ ಪಂಚಾಯಿತಿಯ ಕೆಳಗೆ. ಪಟ್ಟಣದ ಗುಣ ಒಂದು ಕಡೆ, ಪಟ್ಟಣದ ಪಟ್ಟ ಇನ್ನೊಂದು ಕಡೆ. ಪ್ರವಾಸಿಗರದ್ದೂ ಅಷ್ಟೇ: ಬೈಂದೂರು–ರಾಣೆಬೆನ್ನೂರು ಹೆದ್ದಾರಿಯಲ್ಲಿ ಕೊಲ್ಲೂರಿಗೆ ಹೋಗುವವರು ಹೊಸನಗರ ಹಾದು ಹೋಗುತ್ತಾರೆ. ಆದರೆ ಕೊಡಚಾದ್ರಿ, ಹುಂಚದ ಪದ್ಮಾವತಿ, ನಗರದ ಕೋಟೆ, ರಾಮಚಂದ್ರಾಪುರ ಮಠ ಎಲ್ಲವೂ ಪಟ್ಟಣದ ಗಡಿಯಿಂದ ಹೊರಗೆ. ಗುಡ್ಡಗಾಡಿನ ಊರು ಪ್ರವಾಸಿಗರಿಂದ ಕಸದ ಶುಲ್ಕ ಪಡೆಯಬಹುದೆಂದು 2016ರ ನಿಯಮ ಹೇಳಿತ್ತು. ಹೊಸನಗರದ ಬಳಿ ಅದನ್ನು ವಸೂಲು ಮಾಡಲು ಒಂದು ಗೇಟೂ ಇಲ್ಲ.

ಈ ಕಾರಣಕ್ಕೇ ಪಟ್ಟಣ ಪಂಚಾಯಿತಿಯ ಗಡಿ ಹಿಗ್ಗಿಸುವ ಬದಲು ಕೆಲಸಗಳನ್ನು ಹಂಚಿಕೊಳ್ಳುವುದು ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಘಾಟಿ ಇಳಿದರೆ ಕಾರ್ಕಳದ ನಿಟ್ಟೆಯಲ್ಲಿ ಹತ್ತಾರು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ಅಂಥದ್ದನ್ನು ಹೊಸನಗರ ತಾಲ್ಲೂಕಿಗೆ ಒಂದು ಮಾಡಿದರೆ ಪಟ್ಟಣ ಪಂಚಾಯಿತಿಯೊಂದೇ ಎರಡು ಟನ್ನಿಗೆ ಒದ್ದಾಡಬೇಕಿಲ್ಲ. ರಿಪ್ಪನ್‌ಪೇಟೆ, ನಗರ, ನಿಟ್ಟೂರು, ಹುಂಚಗಳ ಕಸವೂ ಸೇರಿ ಘಟಕ ನಡೆಯುವಷ್ಟು ತೂಕ ಬರುತ್ತದೆ. ಎಲ್ಲರಿಗೂ ಸೇರಿ ಹುಡುಕಬೇಕಾದ ಜಾಗ ಒಂದೇ. ತೊಡಕು ಇಲಾಖೆಗಳದ್ದು: ಪಟ್ಟಣ ಪಂಚಾಯಿತಿ ಪೌರಾಡಳಿತದ ಕೆಳಗೆ, ಗ್ರಾಮ ಪಂಚಾಯಿತಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ, ಹಣ ಬರುವ ಖಾತೆ ಬೇರೆ ಬೇರೆ, ಲೆಕ್ಕಪರಿಶೋಧಕರೂ ಬೇರೆ. ಟಿಪ್ಪರಿನ ಡೀಸೆಲ್ ಯಾರ ಖಾತೆಯಿಂದ ಎಂಬ ಪ್ರಶ್ನೆಯಲ್ಲಿ ಇಂಥ ಜಂಟಿ ಯೋಜನೆಗಳು ಸಿಕ್ಕಿಬೀಳುತ್ತವೆ. ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಹಳ್ಳಿಗಳ ಮೇಲೆ ಹೊರೆ, ಏಕೆಂದರೆ ಅಲ್ಲಿ ಜನ ಹೆಚ್ಚು, ಕಸ ಕಡಿಮೆ. ಘಟಕದ ಬಾಗಿಲಲ್ಲಿ ತೂಗಿ, ತಂದ ತೂಕಕ್ಕೆ ತಕ್ಕಂತೆ ಹಂಚಿದರೆ ಪಟ್ಟಣದ ಪಾಲು ಏರುತ್ತದೆ. ಆ ಏರಿದ ಪಾಲನ್ನು ಸರ್ಕಾರಿ ಕಚೇರಿಗಳಿಂದ ತೆರಿಗೆಯ ಹೆಸರಲ್ಲಿ ಕೇಳಲಾಗದಿದ್ದರೂ ಕಸ ಎತ್ತಿದ ಸೇವಾ ಶುಲ್ಕವೆಂದು ತಿಂಗಳ ಬಿಲ್ಲು ಕಳಿಸಬಹುದು. ಮೊದಲ ಬಿಲ್ಲು ಹೋಗಬೇಕಾದದ್ದು ತಾಲ್ಲೂಕಾಫೀಸಿಗೆ.